ಮುಖ ನೋಡಿ ಮಾತಾಡಿದ ವರ್ಷ

ಹತ್ತಿಯ ಸುಗ್ಗಿಯಲ್ಲಿ ಬೈಲಹೊಂಗಲದಲ್ಲಿ ಮೂಗು ಸೋರದವರು ಸಿಗುವುದು ಕಷ್ಟ. ಮಾರುಕಟ್ಟೆಗೆ ಹೋಗುವ ಗಾಡಿಗಳಿಂದ ಹಾರಿದ ಎಳೆಗಳು ಜಾಲಿಯ ಮುಳ್ಳಿಗೆ, ವಿದ್ಯುತ್ ತಂತಿಗೆ, ನಮ್ಮ ಹೈಸ್ಕೂಲಿನ ಕಿಟಕಿಯ ಸರಳಿಗೆ ಸಿಕ್ಕಿಕೊಂಡು ಅಲ್ಲಾಡುತ್ತಿರುತ್ತವೆ. ಹಾಗಾಗಿ ಆ ವರ್ಷ ನನ್ನ ಮೂಗು ಕಟ್ಟಿ, ಎಡಗಿವಿಯೊಳಗೆ ನೀರು ನಿಂತಂತಾದಾಗ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ನಾನಂತೂ ಸೀರೆಯ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಒಂಬತ್ತನೆಯ ತರಗತಿಗೆ ಕನ್ನಡ ಪಾಠ ಮಾಡಿದೆ.

ನಮ್ಮದು ಚಿಕ್ಕ ಸಂಸಾರ. ನಮ್ಮವರಿಗೆ ಯರಗಟ್ಟಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಬರುವವರು. ದಿನವಿಡೀ ಮೋಟಾರಿನ ಗದ್ದಲದಲ್ಲಿ ಇರುವುದರಿಂದಲೋ ಏನೋ, ಮನೆಗೆ ಬಂದ ಮೇಲೆ ಮಾತು ಕಡಿಮೆ. ಆಡಿದರೂ ಪೇಪರಿನ ಹಿಂದಿನಿಂದ, ಇಲ್ಲವೇ ಕೈಕಾಲು ತೊಳೆಯುತ್ತ ಬಚ್ಚಲಿನಿಂದ. ಮಗಳು ಧಾರವಾಡದಲ್ಲಿ ಓದುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಅಪ್ಪನೂ ದೇಗಾಂವ ಬಿಟ್ಟು ನಮ್ಮೊಂದಿಗೇ ಇರತೊಡಗಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಪೌರೋಹಿತ್ಯ ಮಾಡಿದ ಜೀವ ಅದು. ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಅವನ ಸ್ತೋತ್ರದಿಂದ. ಹಲ್ಲು ಹೋದ ಬಾಯಿಂದ ಬರುವ ಆ ಸಂಸ್ಕೃತಕ್ಕೆ ಗಾಳಿಯ ಸದ್ದು ಬೆರೆತು, ದೂರದಲ್ಲಿ ಯಾರೋ ಜೋಳ ತೂರುತ್ತಿರುವಂತೆ ಕೇಳುತ್ತಿತ್ತು.

ಸುಗ್ಗಿ ಮುಗಿಯಿತು, ನೆಗಡಿ ಮುಗಿಯಲಿಲ್ಲ. ಕಿವಿಯಲ್ಲಿ ಕುಕ್ಕರ್ ಸೀಟಿಯಂಥ ಸದ್ದು ಸೇರಿಕೊಂಡಿತು. ಸಂಜೆಯಾದರೆ ಮೈ ಬಿಸಿ. ಮೊಣಕಾಲು, ಪಾದದ ಹರಡು ಬಾತುಕೊಂಡು ಶಾಲೆಯ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಮೂಗಿನಿಂದ ರಕ್ತದ ಹೆಪ್ಪು ಬೀಳತೊಡಗಿತು. ಊರಿನ ಡಾಕ್ಟರು ಹನಿ ಔಷಧ ಕೊಟ್ಟರು, ಗುಳಿಗೆ ಬದಲಿಸಿದರು, ಕಿವಿಯ ಪರದೆಗೆ ಸಣ್ಣ ತೂತು ಮಾಡಿ ನೀರು ತೆಗೆದರು. ಸವದತ್ತಿಯಿಂದ ಬಂದ ಅತ್ತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು. ಎಲ್ಲರೂ ತಮಗೆ ತಿಳಿದದ್ದನ್ನು ಪ್ರೀತಿಯಿಂದಲೇ ಮಾಡಿದರು. ನಾನೂ ಮೊಣಕಾಲಿನ ನೋವನ್ನು ವಯಸ್ಸಿನ ಖಾತೆಗೆ, ಕಿವಿಯನ್ನು ನೆಗಡಿಯ ಖಾತೆಗೆ, ಆಯಾಸವನ್ನು ಪರೀಕ್ಷೆಯ ಪೇಪರುಗಳ ಖಾತೆಗೆ ಬರೆದು ಸುಮ್ಮನಿದ್ದೆ. ಇವೆಲ್ಲ ಒಂದೇ ರೋಗದ ಕೈಬೆರಳುಗಳಿರಬಹುದೆಂದು ಯಾರಿಗೆ ಹೊಳೆಯಬೇಕು?

ಒಂದು ದಿನ ಪದ್ಯ ಓದಿಸುತ್ತಿದ್ದೆ. ಬೋರ್ಡಿನ ಮೇಲೆ ಬರೆದು ತಿರುಗಿ ನೋಡಿದರೆ ಮಕ್ಕಳೆಲ್ಲ ಚೀಲ ಹಿಡಿದು ನಿಂತಿದ್ದಾರೆ. ಮುಂದಿನ ಬೆಂಚಿನ ಹುಡುಗಿಯ ಬಾಯಿ ಅಲುಗಾಡುತ್ತಿದೆ. ಬಾಗಿಲಲ್ಲಿ ಗಣಿತದ ಮಾಸ್ತರರು ನಿಂತು ಕೈಯಾಡಿಸುತ್ತಿದ್ದಾರೆ. ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು. ಬಲಗಿವಿಯೂ ಹೋಗುತ್ತಿದೆ ಎಂದು ನನಗೆ ತಿಳಿದದ್ದು ಹಾಗೆ. ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆನೇನೋ.

ಅದಾದ ಸ್ವಲ್ಪ ದಿನಕ್ಕೆ ಬೆಳಿಗ್ಗೆ ಚಹಾ ಕುಡಿಯುವಾಗ ಬಾಯಿಯ ಎಡಮೂಲೆಯಿಂದ ಚಹಾ ಸೋರಿ ಸೀರೆಯ ಮೇಲೆ ಬಿತ್ತು. ಒರೆಸಿಕೊಂಡೆ. ಮತ್ತೆ ಬಿತ್ತು. ಎದುರಿಗೆ ಕುಳಿತಿದ್ದ ಅಪ್ಪ ಹೂವಿನ ಬುಟ್ಟಿ ಕೆಳಗಿಟ್ಟು, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ. ನಮ್ಮವರನ್ನು ಕರೆದು ನನ್ನ ಮುಖ ತೋರಿಸಿದ. ಎಡಗೆನ್ನೆ ಇಳಿದುಹೋಗಿತ್ತು. ಅವತ್ತೇ ಬೆಳಗಾವಿಗೆ ಹೊರಟೆವು.

ಬೆಳಗಾವಿಯ ದವಾಖಾನೆಯಲ್ಲಿ ನನ್ನನ್ನು ನೋಡಿದವರು ಕಿವಿಯ ಡಾಕ್ಟರ್, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಿವಿ ನೋಡಿದರು, ಮೂಗು ನೋಡಿದರು, ನಾನು ತೋರಿಸದೇ ಇದ್ದ ಪಾದಗಳನ್ನೂ ನೋಡಿದರು. ಹರಡಿನ ಹತ್ತಿರ ಕೆಂಪು ಚುಕ್ಕೆಗಳಿದ್ದವು. ಸೊಳ್ಳೆ ಕಚ್ಚಿದ್ದೆಂದು ನಾನು ಅಂದುಕೊಂಡಿದ್ದೆ. ಡಾಕ್ಟರ್ ನಮ್ಮವರಿಗೆ ಏನೋ ಹೇಳಿದರು, ರಕ್ತಕ್ಕೆ, ಮೂತ್ರಕ್ಕೆ, ಎದೆಯ ಫೋಟೋಕ್ಕೆ ಚೀಟಿ ಬರೆದರು. ಒಂದು ವಾರ ನಾವು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಲೆದೆವು. ಕಿವಿ ಕೇಳದವರಿಗೆ ದವಾಖಾನೆಯ ಬೆಂಚು ಬಲು ದೊಡ್ಡ ಪರೀಕ್ಷೆ. ಹೆಸರು ಕೂಗಿದರೆ ಗೊತ್ತಾಗುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ನಾನು ಅರ್ಧ ಎದ್ದು ನಿಲ್ಲುತ್ತಿದ್ದೆ. ಪಕ್ಕದವರು ಸೆರಗು ಹಿಡಿದು ಕೂರಿಸುತ್ತಿದ್ದರು. ನಮ್ಮವರು ಚೀಟಿಗಳ ಹಿಂದೆ ಓಡಾಡುವಾಗ ನಾನು ಆ ಬಾಗಿಲನ್ನೇ ನೋಡುತ್ತ, ರೆಪ್ಪೆ ಹೊಡೆಯಲೂ ಹೆದರುತ್ತ ಕೂತಿರುತ್ತಿದ್ದೆ.

ಕೊನೆಗೆ ದೊಡ್ಡ ಡಾಕ್ಟರರ ಕೋಣೆಯಿಂದ ನಮ್ಮವರು ಒಬ್ಬರೇ ಹೊರಗೆ ಬಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಪಕ್ಕ ಕುಳಿತು ಕಿವಿಯಲ್ಲಿ ಏನೋ ಹೇಳಿದರು. ಕೇಳಲಿಲ್ಲ. ಇನ್ನೊಮ್ಮೆ ಹೇಳಿದರು.

"ಏನು? ಜೋರಾಗಿ ಹೇಳ್ರಿ."

ಜೋರಾಗಿ ಹೇಳಿದರು. ಅದೂ ಮಂಜಿನೊಳಗಿನ ಸದ್ದು. ನಾಲ್ಕನೆಯ ಸಲ ಅವರಿಗೂ ತಾಳ್ಮೆ ತಪ್ಪಿತು. ಎದ್ದು ನಿಂತು ಕೂಗಿದರು.

"ನಿನ್ನ ಮೈಯೊಳಗಿನ ಕಾವಲುಗಾರರs ನಿನ್ನ ರಕ್ತನಾಳಕ್ಕ ಬೆಂಕಿ ಹಚ್ಯಾರಂತ! ಕಿವಿಗೆ ರಕ್ತ ಹೋಗವಲ್ತು! ಬಿಟ್ರ ಬೆಂಕಿ ಮೂತ್ರಪಿಂಡಕ್ಕೂ ಹೋಗತದಂತ!"

ಇದು ನನಗೆ ಕೇಳಿಸಿತು. ನನಗಷ್ಟೇ ಅಲ್ಲ, ಆ ಉದ್ದನೆಯ ಪಡಸಾಲೆಯ ಎಲ್ಲರಿಗೂ ಕೇಳಿಸಿತು. ಔಷಧದ ಕಿಟಕಿಯಲ್ಲಿದ್ದವನು ತಲೆ ಎತ್ತಿದ. ನನ್ನ ರೋಗ ಏನೆಂದು ಇಡೀ ಪಡಸಾಲೆಗೆ ನನ್ನ ಜೊತೆಗೇ ತಿಳಿಯಿತು. ನಮ್ಮವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಸಿದು ಕೂತರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರು ನನಗೆ ಅಷ್ಟು ದೊಡ್ಡ ಧ್ವನಿಯಲ್ಲಿ ಹೇಳಿದ ಮೊದಲ ಮಾತು ಅದು.

ಆಗ ಎದುರಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಬುತ್ತಿಯ ಗಂಟು. ರಾಮದುರ್ಗದ ಕಡೆಯ ಹೊಲಮನೆಯವಳು, ಹೆಸರು ಯಲ್ಲವ್ವ ಎಂದು ಆಮೇಲೆ ತಿಳಿಯಿತು. ನನ್ನ ಪಕ್ಕ ಕುಳಿತು, ಪರಿಚಯ ಪೀಠಿಕೆ ಏನೂ ಇಲ್ಲದೆ, ಸೀರೆಯನ್ನು ತುಸು ಎತ್ತಿ ತನ್ನ ಕಾಲು ತೋರಿಸಿದಳು. ಹರಡಿನಿಂದ ಮೇಲೆ ಹಳೆಯ ಕಲೆಗಳು, ಒಣಗಿದ ಕಪ್ಪು ಚುಕ್ಕೆಗಳು. ನನ್ನ ಕೈ ಹಿಡಿದುಕೊಂಡು ಮಾತಾಡತೊಡಗಿದಳು. ನನಗೆ ಒಂದು ಅಕ್ಷರವೂ ಕೇಳುವುದಿಲ್ಲವೆಂದು ನಮ್ಮವರು ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ, ಬಿಡಿಸುತ್ತ ಮಾತಾಡುತ್ತಲೇ ಇದ್ದಳು. ನಡುವೆ ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ನನ್ನ ಕೈಗೆ ಕೊಟ್ಟಳು. ಬಾಯಿಯ ಎಡಗಡೆಯಿಂದ ತುಂಡು ಜಾರಿದಾಗ ತನ್ನ ಸೆರಗಿನಿಂದಲೇ ಒರೆಸಿದಳು.

ಅವಳು ಏನು ಹೇಳಿದಳೆಂದು ನಮ್ಮವರು, ಅವತ್ತೇ ನನ್ನನ್ನು ಸೇರಿಸಿಕೊಂಡ ವಾರ್ಡಿನಲ್ಲಿ, ನನಗೆ ಮೊಬೈಲಿನ ಮೇಲೆ ಬರೆದು ತೋರಿಸಿದರು. "ಅವ್ವಾರ, ನಾನೂ ಹಿಂಗs ಕುಂತಿದ್ನಿರಿ. ನನಗ ಇದು ಕಿಡ್ನಿಗಿ ಬಂದಿತ್ತು. ಮಣ್ಣಿಗಿ ಹೊಂಟಾಕಿ ತಿರುಗಿ ಬಂದೇನ್ರಿ. ಸಾಯೂದಿಲ್ಲ ಏಳ್ರಿ ನೀವು. ಮಾರಿ ಅಷ್ಟು ಚೆಂದ್ರಾಮನಂಗ ಊದತೈತಿ, ಕನ್ನಡಿ ನೋಡಬ್ಯಾಡ್ರಿ." ಬೆರಳು ದಪ್ಪ, ಅಕ್ಷರ ಸಣ್ಣ. ನಮ್ಮವರು ಆ ನಾಲ್ಕು ಸಾಲು ಬರೆಯಲು ಬಹಳ ಹೊತ್ತು ತೆಗೆದುಕೊಂಡರು. ಅವಳ ಒಂದು ಮಾತನ್ನೂ ಬಿಡಬಾರದೆಂದು ಅವರಿಗೆ ಅನ್ನಿಸಿತ್ತು.

ಯಲ್ಲವ್ವ ಹೇಳಿದಂತೆಯೇ ಮುಖ ಊದಿತು. ಸ್ಟಿರಾಯ್ಡ್ ಗುಳಿಗೆಗಳು ಹಸಿವನ್ನು ಎಬ್ಬಿಸಿದವು, ನಿದ್ದೆಯನ್ನು ಓಡಿಸಿದವು. ವಾರಕ್ಕೊಮ್ಮೆ ಬೆಳಗಾವಿಗೆ ಹೋಗಿ ಸಲಾಯಿನ್‌ನಲ್ಲಿ ಔಷಧ ಹಾಕಿಸಿಕೊಂಡು, ಸಂಜೆಯ ಬಸ್ಸಿಗೆ ತಿರುಗಿ ಬರುವುದು. ಮೂತ್ರಪಿಂಡ ಉಳಿಯಿತು, ವೇಳೆಗೆ ಬಂದಿರಿ ಎಂದರು. ಕೆನ್ನೆ ನಿಧಾನಕ್ಕೆ ತನ್ನ ಜಾಗಕ್ಕೆ ಏರಿತು. ಕಿವಿಯ ಬಗ್ಗೆ ಮಾತ್ರ ಡಾಕ್ಟರ್ ಮಾತು ಕೊಡಲಿಲ್ಲ. "ಬರುವಷ್ಟು ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ. ಉಳಿದದ್ದನ್ನು ಕಾಯಬೇಡಿ" ಎಂದು ಬರೆದು ತೋರಿಸಿದರು.

ನಾನು ಕಾದೆ. ಯಾರಾದರೂ ಕಾಯದೇ ಇರುತ್ತಾರೆಯೇ? ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಿವಿಯ ಬಳಿ ಚಿಟಿಕೆ ಹೊಡೆದು ನೋಡಿಕೊಳ್ಳುತ್ತಿದ್ದೆ. ಬಲಗಡೆ ಒಂದು ದಿನ ಏನೋ ಕೇಳಿದಂತಾಗುವುದು, ಮರುದಿನ ಇಲ್ಲ. ಎಡಗಡೆ ಎಂದೂ ಇಲ್ಲ. ಆಗ ನನ್ನನ್ನು ಕಾಡಿದ ಭಯ ಸಾವಿನದಲ್ಲ. ಪಾಠ ಹೇಳುವವಳಿಗೆ ಮಕ್ಕಳ ಪ್ರಶ್ನೆಯೇ ಕೇಳಿಸದಿದ್ದರೆ ಅವಳು ಪಾಠ ಹೇಳುವುದಾದರೂ ಯಾರಿಗೆ? ಅದಕ್ಕಿಂತ ಸಣ್ಣ ಸಂಗತಿಯೊಂದು ಹೆಚ್ಚು ನೋಯಿಸುತ್ತಿತ್ತು. ಅಪ್ಪ ದೇವರ ಮುಂದೆ ಕೂತಿದ್ದಾನೆ, ತುಟಿ ಅಲುಗುತ್ತಿದೆ, ಮನೆಯಲ್ಲಿ ಬೆಳಗಾಗುತ್ತಿಲ್ಲ.

ಈ ದಿನಗಳಲ್ಲೇ ನಾನು ತುಟಿ ಓದುವುದನ್ನು ಕಲಿಯಲು ಹೊರಟದ್ದು. ಮಗಳು ರಜೆಗೆ ಬಂದಾಗ ಕಲಿಸಿದಳು. ಅವಳ ತುಟಿ ಸಲೀಸಾಗಿ ತಿಳಿಯುತ್ತಿತ್ತು. ನಮ್ಮವರದು ಅಸಾಧ್ಯ. ಅವರ ಮೀಸೆ ದೊಡ್ಡದು, ಮೇಲ್ದುಟಿಯನ್ನು ಪೂರ್ತಿ ಮುಚ್ಚುವಂಥದ್ದು. ಒಂದು ದಿನ ಸಿಟ್ಟಿನಲ್ಲಿ ಅಂದುಬಿಟ್ಟೆ: "ನೀವು ಆಡೋದು ನಾಕು ಮಾತು. ಅವೂ ಮೀಸ್ಯಾಗ ಮುಳಗಿ ಹೋಗತಾವ."

ಭಾನುವಾರ ಅವರು ಕ್ಷೌರಕ್ಕೆ ಹೋಗಿ ತಿರುಗಿ ಬಂದಾಗ ನಾನು ಬಾಗಿಲಲ್ಲಿ ಅಪರಿಚಿತರನ್ನು ಕಂಡು ಸೆರಗು ಸರಿ ಮಾಡಿಕೊಂಡೆ. ಮೀಸೆ ಇರಲಿಲ್ಲ. ಅದಿದ್ದ ಜಾಗ ಬಿಸಿಲು ಕಾಣದ ಚರ್ಮದಿಂದ ಬೆಳ್ಳಗಿತ್ತು. ನನ್ನ ಎದುರು ಕುರ್ಚಿ ಎಳೆದು ಕೂತು, ಶಾಲೆಯ ಹುಡುಗ ಪದ್ಯ ಒಪ್ಪಿಸುವಂತೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು: "ಈಗ ತಿಳೀತದೇನು?"

ತಿಳಿಯಿತು.

ನಮ್ಮ ಕಡೆ ಗಂಡಸರು ಮೀಸೆ ತೆಗೆಸುವುದು ಮನೆಯಲ್ಲಿ ಹಿರಿಯರು ಹೋದಾಗ. ಯರಗಟ್ಟಿಯ ಅಂಗಡಿಗೆ ಆ ವಾರ ಪಂಪು ರಿಪೇರಿಗೆ ಬಂದವರೆಲ್ಲ ಪಂಪು ಕೆಳಗಿಟ್ಟು, ಟೋಪಿ ತೆಗೆದು, "ಯಾರು ಹ್ವಾದ್ರೋ ಯಪ್ಪಾ? ಮಾವನಾರೇನು?" ಎಂದು ಕೇಳಿದರಂತೆ. ಅಪ್ಪ ನಮ್ಮ ಮನೆಯಲ್ಲಿ ಅವಲಕ್ಕಿ ತಿನ್ನುತ್ತ ಕೂತಿದ್ದ. ನಮ್ಮವರು ಕೊಟ್ಟ ಉತ್ತರವನ್ನು ಅವರು ನನಗೆಂದೂ ಹೇಳಲಿಲ್ಲ. ಮಗ್ಗುಲಿನ ಬೀಜದ ಅಂಗಡಿಯವರ ಹೆಂಡತಿ ನಮ್ಮ ಮಗಳಿಗೆ ಹೇಳಿ, ಮಗಳು ನನಗೆ ಹೇಳಿದಳು. "ಯಾರೂ ಹೋಗಿಲ್ಲ. ಒಬ್ಬಾಕಿ ಹೋಗಬಾರದು ಅಂತ ತಗಸೇನಿ."

ಇನ್ನು ಅಪ್ಪ. ಅಪ್ಪನಿಗೆ ಹಲ್ಲಿಲ್ಲ. ಹಲ್ಲಿಲ್ಲದ ಬಾಯಿ ಎಲ್ಲ ಅಕ್ಷರಕ್ಕೂ ಒಂದೇ ರೀತಿ ಮಡಚಿಕೊಳ್ಳುತ್ತದೆ. ನಾನು ಎಷ್ಟು ದಿಟ್ಟಿಸಿದರೂ "ನೀರು" ಎಂದನೋ "ಬಾರೇ" ಎಂದನೋ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನೇನೋ ಕೇಳಿದ, ನಾನು ಉಪ್ಪಿನಕಾಯಿ ತಂದಿಟ್ಟೆ, ಅವನು ತಲೆಯಾಡಿಸಿದ. ಮಜ್ಜಿಗೆ ತಂದೆ, ಮತ್ತೆ ತಲೆಯಾಡಿಸಿದ. ನನಗೆ ಅಳು ಬಂತು. ತಟ್ಟೆಯ ಮುಂದೆಯೇ ಕೂತು ಅತ್ತೆ. ಅಪ್ಪ ಎಡಗೈಯಿಂದ ನನ್ನ ತಲೆ ಎಳೆದುಕೊಂಡು, ಸ್ವಲ್ಪ ಜೀವ ಉಳಿದಿದ್ದ ಬಲಗಿವಿಗೆ ಬಾಯಿ ಹಚ್ಚಿ ಹೇಳಿದ:

"ಅಳಬ್ಯಾಡ ಸುಧಿ. ನನಗೂ ಕೇಳಸೂದಿಲ್ಲ."

ನಾನು ತಲೆ ಎತ್ತಿ ಅವನ ಮುಖ ನೋಡಿದೆ. ಅವನು ಮತ್ತೆ ನನ್ನ ಕಿವಿಗೆ ಬಾಯಿ ಹಚ್ಚಿದ.

"ನಿಮ್ಮವ್ವ ಇದ್ದಾಗಿಂದನs ಕೇಳಸೂದಿಲ್ಲ. ಅಕಿಗೊಬ್ಬಾಕಿಗೇ ಗೊತ್ತಿತ್ತು. ಮತ್ತ ಯಾರಿಗೂ ಹೇಳಿಲ್ಲ."

ನಂಬಲಾಗಲಿಲ್ಲ. ನಾನು ಪ್ರತಿ ಹಬ್ಬಕ್ಕೆ ತವರಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಹೇಳಿಕೊಂಡ ಸುಖದುಃಖಗಳಿಗೆ ಹೂಂ ಹೂಂ ಎಂದವನು, ಸರಿಯಾದ ಕಡೆ ನಿಟ್ಟುಸಿರು ಬಿಟ್ಟವನು ಇವನೇ ಅಲ್ಲವೇ?

"ಮತ್ತ ನಾ ಹೇಳಿದ್ದೆಲ್ಲಾ?" ಎಂದು ಕೂಗಿ ಕೇಳಿದೆ.

"ನಿನ್ನ ಮಾರಿ ನೋಡತಿದ್ದೆ. ಮಾರಿ ನೋಡಿದ್ರ ಸಾಕಾಗತಿತ್ತು."

ಅಂದಿನಿಂದ ಅಪ್ಪ ನನಗೆ ಗುರುವಾದ. ಅವನ ಹತ್ತಿರ ಉಪಾಯಗಳ ಭಂಡಾರವೇ ಇತ್ತು. ಗೋಡೆಗೆ ಬೆನ್ನು ಹಚ್ಚಿ ಕೂಡಬೇಕು, ಸದ್ದು ಹಿಂದಿನಿಂದ ಬಂದು ತಬ್ಬಿಬ್ಬು ಮಾಡುವುದಿಲ್ಲ. ಕಿಟಕಿ ನಮ್ಮ ಬೆನ್ನ ಕಡೆ ಇರಬೇಕು, ಬೆಳಕು ಎದುರಿನವರ ಮುಖದ ಮೇಲೆ ಬೀಳಬೇಕು. ಮೊದಲು ನಾವೇ ಪ್ರಶ್ನೆ ಕೇಳಬೇಕು, ಆಗ ಉತ್ತರ ಯಾವುದರ ಬಗ್ಗೆ ಎಂದಾದರೂ ಗೊತ್ತಿರುತ್ತದೆ. ಎಲ್ಲರೂ ನಕ್ಕಾಗ ತುಸು ತಡೆದು ನಗಬೇಕು. ಸಿಕ್ಕಾಪಟ್ಟೆ ಹೌದು ಹೌದು ಅನ್ನಬಾರದು. ಹಾಗೆ ಅಂದೇ ಅವನು ಒಮ್ಮೆ ಒಂದೇ ಬೆಳಿಗ್ಗೆ ಕಿತ್ತೂರಿನಲ್ಲಿ ಒಂದು ಮದುವೆಯನ್ನೂ ಪಕ್ಕದ ಹಳ್ಳಿಯಲ್ಲಿ ಒಂದು ಶ್ರಾದ್ಧವನ್ನೂ ಒಪ್ಪಿಕೊಂಡುಬಿಟ್ಟಿದ್ದನಂತೆ. "ಪುಣ್ಯಾಕ್ಕ ಮಂತ್ರ ಅದಲಬದಲ ಆಗಲಿಲ್ಲ" ಎಂದು ಹೇಳಿ ಬೊಚ್ಚುಬಾಯಿ ತೆರೆದು ನಕ್ಕ. ರೋಗ ಬಂದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತೇ ಮೊದಲು.

ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ನಾನು ಹೆದರುತ್ತಲೇ ಹೋದೆ. ಮುಖ್ಯೋಪಾಧ್ಯಾಯರು ಗ್ರಂಥಾಲಯದ ಕೆಲಸ ಕೊಡಲೇ ಎಂದು ಕೇಳಿದರು. ಒಂದು ತಿಂಗಳು ತರಗತಿಯನ್ನೇ ಕೊಟ್ಟು ನೋಡಿ ಎಂದೆ. ಕಿಟಕಿ ನನ್ನ ಬೆನ್ನಿಗೆ ಬರುವಂತೆ ಮೇಜನ್ನು ಸರಿಸಿದೆ. ಮಕ್ಕಳಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಕೈ ಎತ್ತಬೇಕು, ಎದ್ದು ನಿಲ್ಲಬೇಕು, ನಾನು ನೋಡಿದ ಮೇಲೆ ಮಾತಾಡಬೇಕು. ಮೊದಲ ವಾರ ಗೊಂದಲವಾಯಿತು. ಆಮೇಲೆ ಅವರೇ ಒಬ್ಬರನ್ನೊಬ್ಬರು ತಿದ್ದತೊಡಗಿದರು: "ಲೇ, ಟೀಚರ್ ನಿನ್ನ ನೋಡಿಲ್ಲೋ ಇನ್ನಾ, ತಡಿ." ಹಿಂದಿನ ಬೆಂಚಿನವರು ಕೂಡ ಎದ್ದು ನಿಂತು ಪ್ರಶ್ನೆ ಕೇಳಿದ್ದು ನನ್ನ ನೌಕರಿಯಲ್ಲಿ ಆ ವರ್ಷವೇ. ಗ್ರಂಥಾಲಯದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಔಷಧಗಳು ಕಡಿಮೆಯಾಗಿ, ರೋಗ ತಣ್ಣಗಾದ ಮೇಲೆ ಬಲಗಿವಿಗೆ ಯಂತ್ರ ಹಾಕಿದರು. ಎಡಗಿವಿ ಮುಗಿದ ಮಾತು. ಯಂತ್ರ ಹಾಕಿದ ದಿನ ಬೆಳಗಾವಿಯ ರಸ್ತೆ ನನ್ನ ಮೈಮೇಲೆ ಬಿದ್ದಂತಾಯಿತು. ಆಟೋಗಳು, ಪ್ಲಾಸ್ಟಿಕ್ ಚೀಲದ ಸರಸರ, ಚಪ್ಪಲಿಯ ಸಪ್ಪಳ, ಎಲ್ಲವೂ ಒಂದೇ ಗಾತ್ರದ್ದು, ಎಲ್ಲವೂ ತಗಡಿನದು. ನಮ್ಮವರು ನಿಧಾನವಾಗಿ ಕೇಳಿದರು: "ಈಗ ಕೇಳಸಲಿಕ್ಕೆ ಹತ್ತೇದೇನು?"

ಕೇಳಿಸಿತು. ಆದರೆ ಅದು ಅವರ ಧ್ವನಿಯಲ್ಲ. ರೇಡಿಯೋದಲ್ಲಿ ಕೃಷಿ ಧಾರಣೆ ಓದುವ ಯಾರದೋ ಧ್ವನಿ. ಖುಷಿಯಾದವಳಂತೆ ತಲೆಯಾಡಿಸಿದೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ, ಅವರ ಹಳೆಯ ಧ್ವನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಸಿಕ್ಕಿತು. ಆಮೇಲೆ ಸಮಾಧಾನವಾಯಿತು. ತಿಂಗಳು ಕಳೆಯುವುದರಲ್ಲಿ ಯಂತ್ರದ ಸದ್ದಿಗೂ ಹೊಂದಿಕೊಂಡೆ, ಹೊಸ ಕನ್ನಡಕಕ್ಕೆ ಕಣ್ಣು ಹೊಂದಿಕೊಂಡಂತೆ.

ಈಗ ನನಗೆ ಬೇಕಾದಷ್ಟು ಕೇಳುತ್ತದೆ. ಆರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ಸಲಾಯಿನ್ ಹಾಕಿಸಿಕೊಂಡು ಬರುತ್ತೇನೆ. ಅಲ್ಲಿ ಕೆಲವೊಮ್ಮೆ ಯಲ್ಲವ್ವ ಸಿಗುತ್ತಾಳೆ. ಅವಳ ಮಾತು ಎಷ್ಟು ಜೋರು, ಎಷ್ಟು ಒರಟು ಎಂದು ಕೇಳಿಸಿಕೊಂಡ ಮೇಲೆಯೇ ಗೊತ್ತಾದದ್ದು. ಬೆಂಚಿನ ಮೇಲೆ ಹೊಸಬರು ಕೈಯನ್ನು ಕಿವಿಯ ಹಿಂದೆ ಹಿಡಿದು, ಬಾಗಿಲನ್ನೇ ನೋಡುತ್ತ ಕೂತಿರುವುದು ಕಂಡರೆ ನಾವಿಬ್ಬರೂ ಹೋಗಿ ಅವರ ಎರಡು ಬದಿಗೆ ಕೂರುತ್ತೇವೆ. ಹೆಸರು ಕೂಗಿದಾಗ ಯಾರಾದರೊಬ್ಬರು ತೋಳು ಮುಟ್ಟಿ ಹೇಳಿದರೆ ಸಾಕು. ಅಷ್ಟು ಹೊತ್ತಾದರೂ ಅವರು ಕಣ್ಣು ಮುಚ್ಚಿಕೊಂಡು ಕೂರಬಹುದು.

ಮನೆಯಲ್ಲಿ ನಮ್ಮವರ ಮೀಸೆ ಮತ್ತೆ ಬೆಳೆದಿದೆ. ಪೇಪರು ಮತ್ತೆ ಮುಖದ ಮುಂದೆ ಬಂದಿದೆ. ಬಚ್ಚಲಿನಿಂದ "ಟವೆಲ್ ಎಲ್ಲೆ ಅದ?" ಎಂಬ ಕೂಗು ಬರುತ್ತದೆ, ನಾನು ಒಲೆಯ ಕಡೆ ತಿರುಗಿಕೊಂಡೇ ಉತ್ತರ ಕೊಡುತ್ತೇನೆ. ಎಲ್ಲ ಸರಿಹೋಗಿದೆ. ಆದರೂ ಒಮ್ಮೊಮ್ಮೆ ಆ ವರ್ಷದ ನೆನಪಾಗುತ್ತದೆ. ಒಂದು ಲೋಟ ನೀರು ಬೇಕಾದರೂ ಈ ಮನೆಯಲ್ಲಿ ಒಬ್ಬರು ಇನ್ನೊಬ್ಬರ ಹತ್ತಿರ ನಡೆದು ಬಂದು, ಎದುರು ನಿಂತು, ಮುಖ ನೋಡಿ ಕೇಳುತ್ತಿದ್ದರು. ಕೇಳಿ ಆದ ಮೇಲೂ ಕ್ಷಣ ಹೊತ್ತು ಹಾಗೇ ನೋಡುತ್ತಿದ್ದರು, ತಿಳಿಯಿತೋ ಇಲ್ಲವೋ ಎಂದು. ಅಷ್ಟು ಬಾರಿ ನನ್ನ ಮುಖವನ್ನು ಯಾರೂ ಮದುವೆಯ ದಿನವೂ ನೋಡಿರಲಿಲ್ಲ. ರೋಗ ಮತ್ತೆ ಬರಲಿ ಎಂದು ಯಾರಾದರೂ ಬಯಸುತ್ತಾರೆಯೇ? ಇಲ್ಲ. ಆದರೆ ಆ ವರ್ಷವನ್ನು ಕೆಟ್ಟ ವರ್ಷವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಹೋದ ಶ್ರಾವಣದಲ್ಲಿ ಅಪ್ಪನಿಗೆ ದೇಗಾಂವ ನೋಡುವ ಮನಸ್ಸಾಯಿತು. ಕಿತ್ತೂರಿನ ಮೇಲೆ ಹಾಯ್ದು ಹೋದೆವು. ಕಮಲನಾರಾಯಣನ ದರ್ಶನ ಮಾಡಿ, ಗುಡಿಯ ತಂಪಾದ ಕಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಮಾತನ್ನು ಅಲ್ಲಿ ಎತ್ತಿದೆ. ನನ್ನ ಕಿವಿಯ ಯಂತ್ರ ತೆಗೆದು ಅವನ ಅಂಗೈ ಮೇಲಿಟ್ಟು, ಅವನ ಎದುರು ಸರಿದು ಕೂತು ಕೇಳಿದೆ.

"ಅಪ್ಪಾ, ನಿನಗೂ ಒಂದು ಇಂಥಾದ್ದು ಹಾಕಸೂಣಲ್ಲ? ಎಲ್ಲಾ ಕೇಳಸತದ."

ಅಪ್ಪ ಅದನ್ನು ಹೊರಳಿಸಿ ನೋಡಿದ. ಜೋಪಾನವಾಗಿ ನನ್ನ ಕೈಗೆ ವಾಪಸು ಇಟ್ಟು, ನನ್ನ ಬಲಗಿವಿಯ ಹತ್ತಿರ ಬಾಗಿದ.

"ಬ್ಯಾಡ. ನಿಮ್ಮವ್ವನ ಧ್ವನಿ ಕಿವ್ಯಾಗ ಹಂಗs ಅದ. ಅದರ ಮ್ಯಾಲೆ ಈ ಮಶಿನ್ನಿನ ಗದ್ದಲ ಯಾಕ?"

ನಾನು ಯಂತ್ರವನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ. ಅಂಗಳದಲ್ಲಿ ಯಾರೋ ಮಕ್ಕಳು ಓಡಾಡುತ್ತಿದ್ದರು, ಸದ್ದಿರಲಿಲ್ಲ. ಅವನ ತೋಳು ಮುಟ್ಟಿ ಕೇಳಿದೆ.

"ಏನಂತಾಳ ಅವ್ವ?"

ಅಪ್ಪ ಸೂರ್ಯನ ಕಡೆ ನೋಡಿದ. ಹೊತ್ತು ನೆತ್ತಿಯ ಮೇಲೆ ಬಂದಿತ್ತು.

"ಏನನ್ನಬೇಕು? ಹೊತ್ತಾತು, ಊಟಕ್ಕ ಏಳ್ರಿ ಅಂತಾಳ" ಎಂದು ನನ್ನ ಕಿವಿಯಲ್ಲಿ ಹೇಳಿ, ನನ್ನ ಭುಜದ ಮೇಲೆ ಕೈಯೂರಿ ಎದ್ದ.